ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ಹೋಗಲು ಹದಿನಾರು ಗಂಟೆ, ಬರಲು ಇನ್ನೂ ಹೆಚ್ಚು

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣಕ್ಕೆ ಇರುವ ಅತಿ ಕಡಿಮೆ ದೂರ ಸುಮಾರು 13,990 ಕಿಲೋಮೀಟರ್. 2021ರ ಜನವರಿಯಲ್ಲಿ ಏರ್ ಇಂಡಿಯಾ ಇವೆರಡರ ನಡುವೆ ತಡೆರಹಿತ ಹಾರಾಟ ಆರಂಭಿಸಿದಾಗ ಪ್ರಕಟವಾದ ವೇಳಾಪಟ್ಟಿಯಂತೆ, ಇಲ್ಲಿಂದ ಮಧ್ಯಾಹ್ನ 2.30ಕ್ಕೆ ಹೊರಟವರು ಅದೇ ದಿನ ಸಂಜೆ 5ಕ್ಕೆ ಅಲ್ಲಿ ಇಳಿಯುತ್ತಿದ್ದರು. ಅಲ್ಲಿಂದ ಶನಿವಾರ ರಾತ್ರಿ 8.30ಕ್ಕೆ ಹೊರಟವರು ಇಲ್ಲಿಗೆ ತಲುಪುವುದು ಸೋಮವಾರ ನಸುಕಿನ 3.45ಕ್ಕೆ. ಚಳಿಗಾಲದಲ್ಲಿ ನಮ್ಮ ಗಡಿಯಾರ ಅಲ್ಲಿಯದಕ್ಕಿಂತ ಹದಿಮೂರೂವರೆ ಗಂಟೆ ಮುಂದಿರುತ್ತದೆ. ಅದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಹೋಗುವ ಪ್ರಯಾಣ 16 ಗಂಟೆಯದು, ಬರುವ ಪ್ರಯಾಣ 17 ಗಂಟೆ 45 ನಿಮಿಷದ್ದು. ದೂರ ಅಷ್ಟೇ ಇದ್ದರೂ ಈ ಒಂದೂ ಮುಕ್ಕಾಲು ಗಂಟೆ ಹೆಚ್ಚುವುದೇಕೆ ಎಂಬುದೇ ವಿಚಾರ ಮಾಡಬೇಕಾದ ಪ್ರಶ್ನೆ.

ಮೊದಲು ದಾರಿಯನ್ನು ನೋಡೋಣ. ಗೋಡೆಯ ಮೇಲಿನ ಸಾಮಾನ್ಯ ಭೂಪಟದಲ್ಲಿ ಎರಡೂ ಊರುಗಳನ್ನು ಸೇರಿಸಿ ಪೆಸಿಫಿಕ್ ಸಾಗರದ ಮೇಲೆ ನೇರ ಗೆರೆ ಎಳೆದು ಅದರಂತೆ ಹಾರಿದರೆ ಸುಮಾರು 16,100 ಕಿಲೋಮೀಟರ್ ಆಗುತ್ತದೆ, ಎಂದರೆ ಎರಡು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಸುತ್ತು. ಗ್ಲೋಬಿನ ಮೇಲೆ ಅದೇ ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಹಿಡಿದರೆ ಅದು ಟಿಬೆಟ್, ಸೈಬೀರಿಯಾಗಳನ್ನು ಹಾದು 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರಿ, ಅಲಾಸ್ಕಾದ ಕಡೆಯಿಂದ ಕೆಳಗಿಳಿಯುತ್ತದೆ. ಭೂಮಿಯ ಮೇಲಿನ ಅತಿ ಹತ್ತಿರದ ದಾರಿ ಅದು. ಗಣಿತದಲ್ಲಿ ಇದಕ್ಕೆ ಮಹಾವೃತ್ತ ಎನ್ನುತ್ತಾರೆ.

ಆದರೆ ವಿಮಾನ ಈ ಗೆರೆಯನ್ನು ಯಥಾವತ್ತಾಗಿ ಹಿಡಿಯುವುದಿಲ್ಲ. ಕ್ಯಾಬಿನ್‌ನ ಗಾಳಿಯ ಒತ್ತಡ ತಪ್ಪಿದರೆ ಸುಮಾರು ಹತ್ತು ಸಾವಿರ ಅಡಿಗೆ ಇಳಿಯಬೇಕಾಗುತ್ತದೆ. ಟಿಬೆಟ್ ಪ್ರಸ್ಥಭೂಮಿಯ ನೆಲವೇ ಅದಕ್ಕಿಂತ ಎತ್ತರದಲ್ಲಿದೆ. ಎರಡನೆಯದು ಗಾಳಿ. ಮಧ್ಯ ಅಕ್ಷಾಂಶಗಳ ಮೇಲೆ, ವಿಮಾನಗಳು ಹಾರುವ ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ರಭಸದ ಗಾಳಿ ಬೀಸುತ್ತಿರುತ್ತದೆ, ಚಳಿಗಾಲದಲ್ಲಂತೂ ಅದು ಗಂಟೆಗೆ 200 ಕಿಲೋಮೀಟರ್ ದಾಟುವುದುಂಟು. ಗಂಟೆಗೆ ಸುಮಾರು 900 ಕಿಲೋಮೀಟರ್ ವೇಗದ ವಿಮಾನಕ್ಕೆ ಪೂರ್ವಕ್ಕೆ ಹೋಗುವಾಗ ಇದು ನೂಕುಬಲ, ಪಶ್ಚಿಮಕ್ಕೆ ಬರುವಾಗ ಅಡ್ಡಿ. ವೇಳಾಪಟ್ಟಿಯಲ್ಲಿ ಕಂಡ ವ್ಯತ್ಯಾಸಕ್ಕೆ ಮುಖ್ಯ ಕಾರಣ ಇದೇ.

ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ 2021ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಮೊದಲ ವಿಮಾನವನ್ನು ಉತ್ತರ ಧ್ರುವದ ಮೇಲೆಯೇ ತಂದಿತು. ಧ್ರುವಬಿಂದುವನ್ನೇ ಮುಟ್ಟಿ ಬಂದರೂ ಒಟ್ಟು ದೂರ ಸುಮಾರು 14,370 ಕಿಲೋಮೀಟರ್, ಹೆಚ್ಚಾಗುವುದು ನಾನೂರರೊಳಗೆ ಎಂಬ ಸಂಗತಿ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಎದುರುಗಾಳಿಯ ಪಟ್ಟಿಯನ್ನು ತಪ್ಪಿಸಿದರೆ ಅಷ್ಟು ದೂರ ಲೆಕ್ಕಕ್ಕೇ ಬರುವುದಿಲ್ಲ. ಅಲ್ಲಿನ ಚಿಂತೆ ಚಳಿಯದು. ಅಮೆರಿಕದಲ್ಲಿ ತುಂಬಿಸುವ ಜೆಟ್ ಎ ಇಂಧನ ಮೈನಸ್ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟಬಹುದು, ಹೊರಗಿನ ಗಾಳಿಯೋ ಮೈನಸ್ 60ಕ್ಕೂ ಇಳಿಯುತ್ತದೆ. ರೆಕ್ಕೆಯ ಟ್ಯಾಂಕಿನ ಉಷ್ಣಾಂಶ ಆ ಮಿತಿಯ ಹತ್ತಿರ ಬಂತೆಂದರೆ ಪೈಲಟ್‌ಗಳು ತುಸು ಬೆಚ್ಚಗಿನ ಪದರಕ್ಕೆ ಇಳಿಯುತ್ತಾರೆ, ಇಲ್ಲವೇ ಘರ್ಷಣೆಯಿಂದ ರೆಕ್ಕೆ ಬಿಸಿಯಾಗಲೆಂದು ವೇಗ ಹೆಚ್ಚಿಸುತ್ತಾರೆ.