ಚೀನಾ ಸಿನಿಮಾದಲ್ಲಿ ಮುಖ ಒಬ್ರದ್ದು, ದನಿ ಇನ್ನೊಬ್ರದ್ದು

ಚೀನಾದ ಝೆಜಿಯಾಂಗ್ ಪ್ರಾಂತ್ಯದಲ್ಲಿ ಹೆಂಗ್ಡಿಯನ್ ಅಂತ ದೊಡ್ಡ ಫಿಲ್ಮ್ ಸಿಟಿ ಇದೆ, ಎಲ್ಲಿ ನೋಡಿದ್ರೂ ಹಳೇ ಅರಮನೆಗಳ ಸೆಟ್ಟು, ಎಷ್ಟೋ ಟೀಮ್‌ಗಳು ಅಕ್ಕಪಕ್ಕದಲ್ಲೇ ಶೂಟಿಂಗ್ ಮಾಡ್ತಿರ್ತವೆ, ಜೊತೆಗೆ ಟೂರಿಸ್ಟ್‌ಗಳು ಬೇರೆ. ಇಂಥ ಕಡೆ ರಾಣಿ ಪಿಸುಮಾತಾಡೋ ಸೀನಿಗೆ ಪಕ್ಕದ ಸೆಟ್‌ನ ಗದ್ದಲನೂ ಸೇರ್ಕೊಳತ್ತೆ. ಚಿಕ್ಕ ಮೈಕ್‌ನ ಬಟ್ಟೆಯೊಳಗೆ ಅಡಗಿಸಿಟ್ರೆ ರೇಷ್ಮೆ ಉಜ್ಜೋ ಸರಸರ ಸದ್ದು. ಅದಕ್ಕೇ ಅಲ್ಲಿ ಎಷ್ಟೋ ಸೀರಿಯಲ್, ಸಿನಿಮಾಗಳಿಗೆ ಆಮೇಲೆ ಸ್ಟುಡಿಯೋದಲ್ಲಿ ಡಬ್ಬಿಂಗ್ ಮಾಡಿಸ್ತಾರೆ, ಅದೂ ಎಷ್ಟೋ ಸಲ ಬೇರೆ ಕಲಾವಿದರ ದನಿಯಲ್ಲಿ.

ಈ ಕಲಾವಿದರ ಕೆಲಸ ಎಷ್ಟು ಕಷ್ಟ ಅಂತ ನಾವು ಯೋಚಿಸೋದೇ ಇಲ್ಲ. ಚೀನಾದ ಮುಖ್ಯ ಭಾಷೆ ಮ್ಯಾಂಡರಿನ್‌ನಲ್ಲಿ ದನಿಯ ಏರಿಳಿತ ಬದಲಾದ್ರೆ ಪದದ ಅರ್ಥನೇ ಬದಲಾಗತ್ತೆ, ಮತ್ತೆ ಕೋಪ ಅಳು ಬಂದಾಗ್ಲೂ ಏರಿಳಿಯೋದು ಅದೇ ದನಿ, ಎರಡನ್ನೂ ಕೆಡಿಸ್ದೆ ತುಟಿಗೆ ಸರಿಯಾಗಿ ಮಾತು ಕೂರಿಸ್ಬೇಕು. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್, ಅಂದ್ರೆ ಒಂದು ಫ್ರೇಮ್ ಸುಮಾರು 42 ಮಿಲಿಸೆಕೆಂಡ್. ಮಾತು ತುಟಿಗಿಂತ ಹೆಚ್ಚುಕಮ್ಮಿ ಅಷ್ಟು ಮುಂಚೆ ಬಂದ್ರೇ ಏನೋ ಸರಿಯಿಲ್ಲ ಅನ್ಸೋಕೆ ಶುರುವಾಗತ್ತೆ. ತಡವಾಗಿ ಬಂದ್ರೆ ಸ್ವಲ್ಪ ಜಾಸ್ತಿ ಸಹಿಸ್ಕೋತೀವಿ, ಬೆಳಕು ಮೊದಲು ಸದ್ದು ಆಮೇಲೆ ಬರೋದು ನಮಗೆ ಅಭ್ಯಾಸ ಅಲ್ವಾ, ಗುಡುಗು ಸಿಡಿಲಿನ ಹಾಗೆ.

ಸೆಟ್‌ನಲ್ಲೇ ಮಾತು ರೆಕಾರ್ಡ್ ಮಾಡೋ ಸಿಂಕ್ ಸೌಂಡ್ ಬಂದ್ಮೇಲೆ ಬೇರೆ ಪೇಚಾಟ ಶುರುವಾಯ್ತು. ತೈವಾನ್‌ನಲ್ಲಿ 1989ರ 'ಎ ಸಿಟಿ ಆಫ್ ಸ್ಯಾಡ್‌ನೆಸ್' ಸಿನಿಮಾ ಈ ದಾರಿ ಹಿಡೀತು, ಅದರ ಸೌಂಡ್ ಮಾಡಿದ್ದು ಡು ಡು-ಚಿ ಅನ್ನೋರು. ಹಾಂಗ್‌ಕಾಂಗ್ ನಟ ಟೋನಿ ಲ್ಯೂಂಗ್‌ಗೆ ಅಲ್ಲಿನ ಭಾಷೆ ಬರಲ್ಲ ಅಂತ ಪಾತ್ರವನ್ನೇ ಕಿವುಡ-ಮೂಗ ಮಾಡಿಬಿಟ್ರು! 2000ದಲ್ಲಿ 'ಕ್ರೌಚಿಂಗ್ ಟೈಗರ್, ಹಿಡನ್ ಡ್ರ್ಯಾಗನ್'ಗೆ ಮ್ಯಾಂಡರಿನ್ ಅಷ್ಟು ರೂಢಿಯಿಲ್ಲದ ನಟರಾದ ಚೌ ಯುನ್-ಫಾಟ್, ಮಿಶೆಲ್ ಯೋ ತಮ್ಮದೇ ದನಿ ಕೊಟ್ರೆ, ಚೀನಾದ ಪ್ರೇಕ್ಷಕರು ಉಚ್ಚಾರಣೆ ಸರಿಯಿಲ್ಲ ಅಂದ್ರು. ನನಗಂತೂ ನಟರ ಸ್ವಂತ ದನಿನೇ ಇಷ್ಟ, ಉಸಿರು ತಡವರಿಕೆ ಎಲ್ಲಾ ಅದ್ರಲ್ಲೇ ಇರೋದು.

ಈಗ ಗದ್ದಲ ತೆಗೆಯೋ ಸಾಫ್ಟ್‌ವೇರ್ ಬಂದಿದೆ, ಆದ್ರೆ ಮ್ಯಾಂಡರಿನ್‌ನಲ್ಲಿ 'ಸ' 'ಶ' ಥರದ ಸದ್ದುಗಳ ವ್ಯತ್ಯಾಸ ಇರೋದೇ ಮೇಲಿನ ಫ್ರೀಕ್ವೆನ್ಸಿಯಲ್ಲಿ, ಗದ್ದಲ ಜಾಸ್ತಿ ಉಜ್ಜಿದ್ರೆ ಅದೂ ಜೊತೇಲೇ ಹೋಗತ್ತೆ. ಆಗ ಕೆಟ್ಟ ಸಾಲನ್ನಷ್ಟೇ ಅದೇ ನಟರಿಂದ ಮತ್ತೆ ಹೇಳಿಸ್ತಾರೆ, ಆದಷ್ಟೂ ಸೆಟ್‌ನಲ್ಲಿ ಬಳಸಿದ್ದ ಥರದ್ದೇ ಮೈಕ್ ಇಟ್ಟು, ಯಾರೂ ಮಾತಾಡದಾಗ ಸೆಟ್‌ನಲ್ಲಿ ಕೇಳೋ ಖಾಲಿ ಸದ್ದನ್ನ ಮಾತಿನ ಅಡಿಗೆ ಹಾಸಿ, ಇಲ್ಲಾಂದ್ರೆ ಅದೊಂದು ಸಾಲು ಬೇರೆ ರೂಮಿಂದ ಬಂದಂಗೆ ಕೇಳತ್ತೆ.