ಕೊಡಗಿನ ರಾಜಕುಮಾರಿ ಇದ್ದದ್ದು ನಿಜವೇ?

ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಬ್ರಿಟಿಷರು 1834ರಲ್ಲಿ ಗದ್ದುಗೆಯಿಂದ ಇಳಿಸಿ ಕಾಶಿಗೆ ಕಳಿಸಿದರು. ಮುಂದೆ ಆತ ಮಗಳು ಗೌರಮ್ಮನನ್ನು ಕರೆದುಕೊಂಡು ಲಂಡನ್ನಿಗೆ ಹೋದ. 1852ರಲ್ಲಿ ಆಕೆಗೆ ಕ್ರೈಸ್ತಮತಕ್ಕೆ ಸೇರಿಸುವ ದೀಕ್ಷಾಸ್ನಾನವಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರು ಕೊಟ್ಟಳು.

ಇದನ್ನು ನಂಬದ ಹಟವಾದಿಯೊಬ್ಬನಿದ್ದಾನೆ ಎಂದುಕೊಳ್ಳಿ. ಸುದ್ದಿ ಬರೆದಿಟ್ಟವರು ಯಾರು? ರಾಜ್ಯ ಕಿತ್ತುಕೊಂಡವರೇ. ಅವರಿಗೆ ಲಾಭವಿತ್ತೇ? ಅರಸನ ಮಗಳೇ ನಮ್ಮ ಮತಕ್ಕೆ ಬಂದಳು ಎನ್ನುವುದಕ್ಕಿಂತ ಬೇರೆ ಲಾಭ ಬೇಕೇ! ರಾಣಿಯೊಬ್ಬಳು ದೂರದೇಶದ ಸೆರೆಯಾಳಿನ ಮಗುವಿಗೆ ತಾಯಾಗಿ ನಿಲ್ಲುವುದು ಲೋಕರೂಢಿಯೇ? ಅಲ್ಲ. ಹಾಗಾಗಿ ಗೌರಮ್ಮ ಹುಟ್ಟಲೇ ಇಲ್ಲ ಎನ್ನುತ್ತಾನೆ ಅವನು. ಮಡಿಕೇರಿಯಲ್ಲಿ ಇದನ್ನು ಕೇಳಿದವರು ನಗದೆ ಇರಲಾರರು.

ನಾಸ್ತಿಕವಾದದ ಎದುರು ಕ್ರೈಸ್ತರು ಹಿಡಿದ ವಿಡಂಬನೆಯ ಹಳೆಯ ಪಟ್ಟು ಇದೇ. ಸಂದೇಹವಾದಿ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ 1748ರಲ್ಲಿ ಪವಾಡಗಳ ಕುರಿತು ಬರೆದ. ಸಾಕ್ಷಿ ಸುಳ್ಳಾಗಿರುವುದೇ ಪವಾಡಕ್ಕಿಂತ ದೊಡ್ಡ ಪವಾಡ ಎನ್ನುವಂತಿದ್ದರೆ ಮಾತ್ರ ನಂಬಬೇಕು ಎಂಬುದು ಅವನ ಅಳತೆಗೋಲು. ರಿಚರ್ಡ್ ವೇಟ್ಲಿ ಎಂಬ ಪಾದ್ರಿ 1819ರಲ್ಲಿ ಹೆಸರು ಹಾಕದೆ ಒಂದು ಚಿಕ್ಕ ಹೊತ್ತಗೆ ಹೊರತಂದು, ಅದೇ ಕೋಲಿನಿಂದ ನೆಪೋಲಿಯನ್ನನನ್ನು ಅಳೆದ. ಸಾಕ್ಷಿಗಳಿಗೆ ಸರಿಯಾದ ಮಾಹಿತಿ ಸಿಗುತ್ತಿತ್ತೇ, ಸುಳ್ಳಿನಿಂದ ಲಾಭವಿತ್ತೇ, ಅವರ ಮಾತು ಒಂದಕ್ಕೊಂದು ಕೂಡುತ್ತದೆಯೇ ಎಂದು ಮೂರು ಪ್ರಶ್ನೆ. ಇಟಲಿಯ ಲೋಡಿ ಸೇತುವೆಯ ದಾಳಿಯಲ್ಲಿ ನೆಪೋಲಿಯನ್ನನೇ ಮುಂದಿದ್ದ ಎಂದು ಕೆಲವರು, ಹಿಂದೆ ಸುರಕ್ಷಿತವಾಗಿದ್ದ ಎಂದು ಕೆಲವರು. ಹಾಗಾದರೆ ನೆಪೋಲಿಯನ್ ಇದ್ದದ್ದೇ ಅನುಮಾನ! ಆಗಿನ್ನೂ ಅವನು ಸೇಂಟ್ ಹೆಲೆನಾ ದ್ವೀಪದ ಸೆರೆಯಲ್ಲಿ ಜೀವಂತವಾಗಿದ್ದ, ಸತ್ತದ್ದು 1821ರಲ್ಲಿ.

ಕನ್ನಡಕ್ಕೆ ಇದು ಹೊಸ ವಿದ್ಯೆಯಲ್ಲ. 14ನೇ ಶತಮಾನದ ವೃತ್ತವಿಲಾಸನ ‘ಧರ್ಮಪರೀಕ್ಷೆ’ಯಲ್ಲಿ ಮನೋವೇಗನೆಂಬವನು ವೈದಿಕ ಪಂಡಿತರ ಸಭೆಗೆ ಹೋಗಿ ನಂಬಲಾಗದ ಕಥೆ ಕಟ್ಟುತ್ತಾನೆ. ಅವರು ಸುಳ್ಳೆಂದ ಕೂಡಲೇ ಅವರ ಪುರಾಣದಿಂದಲೇ ಅಂಥದೊಂದು ಕಥೆ ತೆಗೆದು ಮುಂದಿಡುತ್ತಾನೆ. ಅಲ್ಲಿ ಜೈನ ಕವಿ ವೈದಿಕರ ಪುರಾಣಗಳನ್ನು ಪರೀಕ್ಷಿಸಿದರೆ, ಇಲ್ಲಿ ಕ್ರೈಸ್ತ ಪಾದ್ರಿ ಸಂದೇಹವಾದಿಯನ್ನು ಪರೀಕ್ಷಿಸಿದ. ಎದುರಾಳಿಯ ಕೋಲನ್ನು ಅವನ ಮನೆಯ ಮೇಲೇ ಇಟ್ಟು ಅಳೆಯುವ ಜಾಣ್ಮೆ ಎರಡರಲ್ಲೂ ಒಂದೇ.

ಆದರೆ ಇದರ ಮಿತಿಯನ್ನು ಮುಚ್ಚಿಡಬಾರದು. ನೆಪೋಲಿಯನ್ ಅಚ್ಚರಿಯ ಮನುಷ್ಯ, ಅಷ್ಟೆ, ಪ್ರಕೃತಿನಿಯಮ ಮುರಿದವನಲ್ಲ. ಗೌರಮ್ಮನೂ ಹಾಗೆಯೇ. ಹ್ಯೂಮ್‌ನ ಪರ ನಿಲ್ಲುವವರು ಕೊಡುವ ಉತ್ತರ ಇದೇ, ಅದು ಗಟ್ಟಿ ಉತ್ತರ. ಅಳತೆಗೋಲನ್ನು ಕಣ್ಣುಮುಚ್ಚಿ ಬಳಸಿದರೆ ಇತಿಹಾಸವೂ ಉಳಿಯದು ಎಂದಷ್ಟೇ ವೇಟ್ಲಿಯ ವಿಡಂಬನೆ ತೋರಿಸುತ್ತದೆ. ಯೇಸು ಎದ್ದು ಬಂದನೆಂದು ಅದು ಸಾಧಿಸುವುದಿಲ್ಲ.

ಇಂಗ್ಲಿಷ್ ಬರಹಗಾರ ಸಿ. ಎಸ್. ಲೂಯಿಸ್ ಹಿಡಿದದ್ದು ಬೇರೆ ದಾರಿ. 1941ರಲ್ಲಿ ಒಂದು ಚರ್ಚ್ ವಾರಪತ್ರಿಕೆಯಲ್ಲಿ ಬಂದ ಅವನ 31 ಕಾಗದಗಳನ್ನು ಬರೆಯುವವನು ಹಿರಿಯ ಸೈತಾನ, ಓದುವವನು ಅವನ ಸೋದರಳಿಯ; ಮನುಷ್ಯನನ್ನು ದೇವರಿಂದ ದೂರ ಸೆಳೆಯುವುದು ಹೇಗೆಂಬ ಪಾಠವೇ ಅವುಗಳಲ್ಲಿ. ಮೊದಲ ಕಾಗದವನ್ನೇ ನೋಡಿ. ಗ್ರಂಥಾಲಯದಲ್ಲಿ ಕುಳಿತ ನಾಸ್ತಿಕನೊಬ್ಬನ ಯೋಚನೆ ದೇವರತ್ತ ತಿರುಗುತ್ತದೆ. ಸೈತಾನ ವಾದಕ್ಕಿಳಿಯುವುದಿಲ್ಲ, ಊಟದ ಹೊತ್ತಾಯಿತು ಎಂದು ನೆನಪಿಸುತ್ತಾನೆ. ಬೀದಿಗಿಳಿದವನಿಗೆ ಪೇಪರ್ ಹುಡುಗನ ಕೂಗು, 73ನೇ ನಂಬರಿನ ಬಸ್ಸು. ಯೋಚನೆ ಅಲ್ಲಿಗೆ ಮುಗಿಯಿತು. ನಂಬಿಕೆ ಸೋಲುವುದು ವಾದದಿಂದಲ್ಲ, ಗಮನ ಬೇರೆಡೆ ಹರಿಯುವುದರಿಂದ ಎಂಬುದನ್ನು ಲೂಯಿಸ್ ಎಷ್ಟು ಸಣ್ಣ ವಿವರದಲ್ಲಿ ಹಿಡಿದಿದ್ದಾನೆ! ಈ ಉಲ್ಟಾ ದನಿಗೆ ಅಪಾಯವೂ ಉಂಟು. ಪಾದ್ರಿಯೊಬ್ಬರು ಇದು ನಿಜವಾದ ಉಪದೇಶವೆಂದು ತಿಳಿದು, ಸೈತಾನನ ಮಾತಿನಂತಿದೆ ಎಂದು ಚಂದಾ ನಿಲ್ಲಿಸಿದ್ದರು.

ವಿರಾಜಪೇಟೆಯ ಸೇಂಟ್ ಆನ್ಸ್ ಚರ್ಚಿನ ಕಾಲದಿಂದ, ಎಂದರೆ 1792ರಿಂದ, ಕ್ರೈಸ್ತರಿರುವ ನಾಡು ಈ ಕೊಡಗು. ಇಲ್ಲಿನ ಯುವಕರು ಕ್ರಿಸ್ಮಸ್‌ಗೆ ಇಂಥ ಪ್ರಹಸನ ಬರೆಯುವುದಾದರೆ, ಎದುರಾಳಿಯ ವಾದವನ್ನು ಮೊದಲು ಒಂದೇ ವಾಕ್ಯದಲ್ಲಿ ಬರೆದು, ದೇವರನ್ನು ನಂಬದ ಗೆಳೆಯನಿಗೆ ತೋರಿಸಿ. ‘ಹೌದು, ನಾನು ಹೇಳುವುದು ಇದೇ’ ಎಂದು ಅವನು ಒಪ್ಪುವತನಕ ತಿದ್ದಿ. ಆಮೇಲೆ ಊರಿಗೆಲ್ಲ ಗೊತ್ತಿರುವ ಒಂದೇ ಸಂಗತಿ ಆರಿಸಿ; ಎರಡಾದರೆ ಬಿಗಿ ಸಡಿಲವಾಗುತ್ತದೆ. ನಾಸ್ತಿಕನ ಪಾತ್ರವನ್ನು ಕುಡುಕನನ್ನಾಗಿಯೋ ಪೆದ್ದನನ್ನಾಗಿಯೋ ಮಾಡಿದರೆ ಬರವಣಿಗೆ ಕೆಟ್ಟಿತೆಂದೇ ಲೆಕ್ಕ: ನಗು ವಾದವನ್ನು ಬಿಟ್ಟು ಮನುಷ್ಯನ ಮೇಲೆ ಬೀಳುತ್ತದೆ. ಎ. ಎನ್. ಮೂರ್ತಿರಾಯರ ‘ದೇವರು’ (1991) ದೇವರನ್ನು ಒಪ್ಪದಿದ್ದರೂ ಅಷ್ಟು ಸಜ್ಜನಿಕೆಯಿಂದ ಬರೆದ ಪುಸ್ತಕ. ಅದಕ್ಕೆ ಉತ್ತರ ಕೊಡುವವರು ಪ್ರಹಸನ ಬಿಟ್ಟು ನೇರ ಗದ್ಯದಲ್ಲೇ ಬರೆಯಬೇಕು.