ಬೇಲೂರಿನ ಕಲ್ಲಲ್ಲ, ಬೆಂಗಳೂರಿನ ಕಲ್ಲು

ಹಳೆಯ ಕಟ್ಟಡಗಳ ಸಂರಕ್ಷಣೆ ನನ್ನ ಕೆಲಸ. ವಿದ್ಯಾರ್ಥಿಗಳು ಆಗಾಗ ಕೇಳುತ್ತಾರೆ: ವಿಧಾನಸೌಧದ ಕೆತ್ತನೆ ಬೇಲೂರು, ಹಳೇಬೀಡಿನಷ್ಟು ನಾಜೂಕಾಗಿ ಯಾಕಿಲ್ಲ? ಕೆಲಸಗಾರರ ಕೈ ಅಷ್ಟಕ್ಕಷ್ಟೇನಾ? ಕೈಯದ್ದೇನೂ ತಪ್ಪಿಲ್ಲ, ಕಲ್ಲೇ ಬೇರೆ.

ಹೊಯ್ಸಳರ ಶಿಲ್ಪಿಗಳು ಹಿಡಿದದ್ದು ಬಳಪದ ಕಲ್ಲು. ನೆಲದಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಸರದ ಒಂದೊಂದು ಮಣಿಯನ್ನೂ ಅದರಲ್ಲಿ ಬಿಡಿಸಬಹುದು. ಬೆಂಗಳೂರಿನ ಸುತ್ತ ಸಿಗುವುದು ಗ್ರಾನೈಟ್. ಉಳಿಯ ಮೊನೆ ಬೇಗ ಮೊಂಡಾಗುತ್ತದೆ. ಜಾಸ್ತಿ ತೆಳುವಾಗಿ ಬಿಡಿಸಲು ಹೋದರೆ ಅಂಚು ಚಕ್ಕೆ ಏಳುತ್ತದೆ. ಅದಕ್ಕೇ ಇಲ್ಲಿ ಗೆರೆಗಳು ದಪ್ಪ, ಹೂವುಗಳು ದೊಡ್ಡವು. ದೂರದಿಂದ ಕಾಣಬೇಕಾದ ಕಟ್ಟಡಕ್ಕೆ ಅದೇ ಸರಿ ಅಂತ ನನಗನಿಸುತ್ತದೆ.

ನಮ್ಮ ಕಡೆಯ ಕಲ್ಲುಕುಟಿಗರು ಬಂಡೆಯ ಮೇಲೆ ಬೆಂಕಿ ಹಾಕಿ, ಕಾದ ಪದರವನ್ನು ಚಪ್ಪಡಿ ಚಪ್ಪಡಿಯಾಗಿ ಎಬ್ಬಿಸುತ್ತಿದ್ದರು. ಗಟ್ಟಿ ಕಲ್ಲಿನ ಜೊತೆ ಏಗುವ ಆ ವಿದ್ಯೆ ಊರಲ್ಲೇ ಇತ್ತು. ವಿಧಾನಸೌಧಕ್ಕೆ ಹೆಸರಘಟ್ಟ, ಮಲ್ಲಸಂದ್ರದ ಕಡೆಯ ಗ್ರಾನೈಟ್ ಬಂತು. ಅಲಂಕಾರಕ್ಕೆ ಮಾಗಡಿಯ ನಸುಗೆಂಪು ಕಲ್ಲು, ತುರುವೇಕೆರೆಯ ಕಪ್ಪು ಕಲ್ಲು. ಸುಮಾರು 5,000 ಕಾರ್ಮಿಕರು ದುಡಿದರು, ಅವರಲ್ಲಿ ಹೆಚ್ಚಿನವರು ಜೈಲಿನ ಕೈದಿಗಳು. ಕಲ್ಲು, ಮರದ ಕುಶಲ ಕೆಲಸಕ್ಕೆ ಬೇರೆ ಸುಮಾರು 1,500 ಜನ.

1951ರ ಜುಲೈ 13ರಂದು ನೆಹರೂ ಅಡಿಗಲ್ಲು ಇಟ್ಟಾಗ ಮುಖ್ಯಮಂತ್ರಿ ಕೆ.ಸಿ. ರೆಡ್ಡಿ. ಆಗಿನ ನಕ್ಷೆ ಸರಳವಾಗಿತ್ತು. 1952ರಲ್ಲಿ ಬಂದ ಕೆಂಗಲ್ ಹನುಮಂತಯ್ಯ ಅದನ್ನು ಬದಲಾಯಿಸಿದರು. ಎದುರಿಗೇ 1860ರ ದಶಕದ ಅಠಾರಾ ಕಚೇರಿ (ಈಗಿನ ಹೈಕೋರ್ಟ್), ಗ್ರೀಕ್-ರೋಮನ್ ಮಾದರಿಯ ಕಂಬಗಳ ಕೆಂಪು ಕಟ್ಟಡ. ಅದನ್ನು ಮೀರಿಸಬೇಕು, ಅದೂ ನಮ್ಮ ಶೈಲಿಯಲ್ಲಿ ಅನ್ನುವ ಹಟ ಕೆಂಗಲ್ ಅವರದ್ದು. ಆ ಹಟಕ್ಕೆ ರೂಪ ಕೊಟ್ಟವರು ಸರ್ಕಾರಿ ವಾಸ್ತುಶಿಲ್ಪಿ ಬಿ.ಆರ್. ಮಾಣಿಕ್ಯಂ. ಖರ್ಚು ಸುಮಾರು 1.75 ಕೋಟಿ ರೂಪಾಯಿ. ದುಂದುವೆಚ್ಚ ಅಂತ ದೊಡ್ಡ ಗಲಾಟೆಯೇ ಆಯಿತು. 1956ರಲ್ಲಿ ಕಟ್ಟಡ ಪೂರ್ತಿಯಾಗುವ ಹೊತ್ತಿಗೆ ಕೆಂಗಲ್ ಕುರ್ಚಿಯಲ್ಲಿರಲಿಲ್ಲ.

ಇದನ್ನು ಸುಮ್ನೆ 'ದ್ರಾವಿಡ ಶೈಲಿ' ಅಂದುಬಿಡುತ್ತಾರೆ. ಅರ್ಧ ನಿಜ. ನಕ್ಷೆ ನೋಡಿ: 700 ಅಡಿ ಉದ್ದ, 350 ಅಡಿ ಅಗಲದ ಆಯತ. ಉದ್ದುದ್ದ ಪಡಸಾಲೆ, ಸಾಲಾಗಿ ಕೋಣೆಗಳು, ಗಾಳಿ-ಬೆಳಕಿಗೆ ನಡುವೆ ತೆರೆದ ಅಂಗಳ. ಇದು ಅಪ್ಪಟ ಸರ್ಕಾರಿ ಕಚೇರಿ. ಅದರ ಮೈಮೇಲೆ ದೇವಸ್ಥಾನದ ಕಂಬ, ಬಾಗಿದ ಸೂರಂಚು ಬಂದಿವೆ. ನೆತ್ತಿಯ ಗುಮ್ಮಟಗಳ ನೆಂಟಸ್ತಿಕೆ ದ್ರಾವಿಡ ಗೋಪುರಕ್ಕಿಂತ ಇಂಡೋ-ಸಾರ್ಸೆನಿಕ್ ಕಟ್ಟಡಗಳ ಜೊತೆ, ಅಂದರೆ ಬ್ರಿಟಿಷರ ಕಾಲದಲ್ಲಿ ಭಾರತೀಯ, ಇಸ್ಲಾಮಿಕ್, ಯುರೋಪಿಯನ್ ಶೈಲಿ ಬೆರೆಸಿ ಕಟ್ಟಿದವುಗಳ ಜೊತೆ ಜಾಸ್ತಿ. ನಡುವಿನ ಗುಮ್ಮಟದ ಅಡ್ಡಗಲ 60 ಅಡಿ, ಅದರ ಮೇಲೆ ನಾಲ್ಕು ಸಿಂಹಗಳ ಲಾಂಛನ. ಈ ಬೆರಕೆಗೆ ನನ್ನ ತಕರಾರಿಲ್ಲ. ಶುದ್ಧ ಶೈಲಿ ಅಂತ ಪಾಠ ಮಾಡುವುದಕ್ಕೆ ಮಾತ್ರ ತಕರಾರು.

ಇಷ್ಟೆಲ್ಲದರಲ್ಲಿ ಕಟ್ಟಡವನ್ನು ಎತ್ತಿ ನಿಲ್ಲಿಸಿರುವುದು ಪೂರ್ವದ ಮೆಟ್ಟಿಲು. 200 ಅಡಿಗೂ ಹೆಚ್ಚು ಅಗಲ, 45 ಮೆಟ್ಟಿಲು, ಮೇಲೆ 40 ಅಡಿ ಎತ್ತರದ 12 ಕಂಬ. ಅವನ್ನು ತೆಗೆದರೆ ಉಳಿಯುವುದು ಒಂದು ಉದ್ದನೆಯ ಆಫೀಸು. ಅರ್ಜಿ ಹಿಡಿದು ಬಂದವರು ಹತ್ತುವ ಮೆಟ್ಟಿಲು ಅದಲ್ಲ, ಅವರಿಗೆ ಪಕ್ಕದ ಗೇಟು, ಪಾಸು. ಅದು ಬೇರೆ ಮಾತು.

ಇಂಥ ಕಟ್ಟಡಕ್ಕೆ ಮಳೆ-ಬಿಸಿಲಿಗಿಂತ ಡ್ರಿಲ್ ಯಂತ್ರದ ಭಯ ಜಾಸ್ತಿ. ಏಸಿ ಪೈಪು, ಕೇಬಲ್ ಅಂತ ಕಲ್ಲಿಗೇ ತೂತು ಹೊಡೆದರೆ ಅದು ಮತ್ತೆ ಕೂಡುವುದಿಲ್ಲ. ಕಲ್ಲು-ಕಲ್ಲಿನ ನಡುವಿನ ಸಂದಿನಲ್ಲಿ ಹೊಡೆದರೆ ಮುಂದೊಂದು ದಿನ ಗಾರೆ ತುಂಬಿ ಮುಚ್ಚಬಹುದು. ಕಲ್ಲಿನ ಕಟ್ಟಡದಲ್ಲಿ ವೈರಿಂಗ್ ಮಾಡಿಸುವ ಯಾರಿಗಾದರೂ ನಾನು ಮೊದಲು ಹೇಳುವುದು ಇದನ್ನೇ.

ಇನ್ನು ಕೆತ್ತನೆ ನೋಡುವ ಆಸೆಯಿದ್ದರೆ ಭಾನುವಾರ ಸಂಜೆಯ ದೀಪಾಲಂಕಾರ ನೆಚ್ಚಬೇಡಿ. ಫೋಟೋಗೆ ಚೆನ್ನ, ಕಲ್ಲಿಗಲ್ಲ. ಮುಖ ಪೂರ್ವಕ್ಕಿದೆ ಅಲ್ವಾ, ಬಿಸಿಲಿರುವ ದಿನ ಬೆಳಿಗ್ಗೆ ಅಂಬೇಡ್ಕರ್ ವೀಧಿಯ ಫುಟ್‌ಪಾತಿಗೆ ಹೋಗಿ. ಸೂರ್ಯ ಸ್ವಲ್ಪ ಮೇಲೇರಿ ಬಿಸಿಲು ಓರೆಯಾಗಿ ಬೀಳುವಾಗ ಗೆರೆಗೆರೆಗೂ ನೆರಳು ಕೂರುತ್ತದೆ. ಮಧ್ಯಾಹ್ನದ ಮೇಲೆ ಆ ಮುಖಕ್ಕೆ ಬಿಸಿಲೇ ಇರುವುದಿಲ್ಲ.